ಎಡಗಾಲು ಎಲ್ಲಿಡಬೇಕು ಅಂತ ಡ್ರೈವಿಂಗ್ ಸ್ಕೂಲಲ್ಲಿ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಕಾರಿನ ಗೇರ್ ಬಾಕ್ಸ್ ಇಳಿಸಿ ಹೊಸ ಕ್ಲಚ್ ಸೆಟ್ (ಇಂಜಿನ್ನಿನ ಎಳೆತಾನ ಗೇರಿಗೆ ಸೇರಿಸೋ, ಬಿಡಿಸೋ ಭಾಗ) ಹಾಕಿಸಬೇಕಾಯ್ತು. ಗಾಡಿ ಓಡಿರೋದು ಬರೀ 34 ಸಾವಿರ ಕಿಲೋಮೀಟರ್. ಒಂದು ತಿಂಗಳಿಂದ ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಆಕ್ಸಿಲರೇಟರ್ ತುಳಿದ್ರೆ ಇಂಜಿನ್ ಸೌಂಡ್ ಮಾತ್ರ ಜಾಸ್ತಿ ಆಗ್ತಿತ್ತು ಗಾಡಿ ಎಳೀತಾನೇ ಇರ್ಲಿಲ್ಲ, ಜೊತೆಗೆ ಏನೋ ಸುಟ್ಟ ವಾಸನೆ, ಮುಂದಿರೋ ಲಾರಿದು ಇರ್ಬೇಕು ಅಂತ ಗ್ಲಾಸ್ ಏರಿಸ್ಕೊಂಡು ಹೋಗ್ತಿದ್ದೆ.

ನಾವು ಯಾವಾಗ್ಲೂ ಹೋಗೋ ಮೆಕ್ಯಾನಿಕ್ ಹಳೇ ಕ್ಲಚ್ ಪ್ಲೇಟನ್ನ ನನ್ನ ಕೈಗೇ ಕೊಟ್ರು, ಪಕ್ಕದಲ್ಲಿ ಹೊಸದನ್ನ ಇಟ್ರು. ಹೊಸದರ ಮೇಲೆ ಗೆರೆಗಳು ಆಳವಾಗಿ ಕಾಣ್ತವೆ, ರಿವೆಟ್ಟುಗಳು ಒಳಗಡೆ ಕೂತಿರ್ತವೆ. ನಮ್ಮದರಲ್ಲಿ ಗೆರೆ ಅನ್ನೋದೇ ಇಲ್ಲ, ಸವೆದು ಸವೆದು ರಿವೆಟ್ ತಲೆಗಳು ಮೇಲಕ್ಕೆ ಬಂದು ಹೊಳೀತಿದ್ವು. ಆ ಪ್ಲೇಟ್ ಒತ್ಕೊಂಡು ತಿರುಗೋ ಇಂಜಿನ್ ಕಡೆಯ ಚಕ್ರ, ಫ್ಲೈವೀಲ್ ಅಂತಾರಲ್ಲ, ಅದರ ಮೇಲೆ ಅಲ್ಲಲ್ಲಿ ನೀಲಿ ಕಲೆ, ಅದು ಬಿಸಿಗೆ ಆಗೋದಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಮೇಡಂ, ಗಾಡಿ ಓಡಿಸೋವಾಗ ಎಡಗಾಲು ಎಲ್ಲಿಟ್ಕೊಂಡಿರ್ತೀರಾ?"

ಕ್ಲಚ್ ಮೇಲೇ. ಎಂಟು ವರ್ಷದಿಂದ ಹಾಗೇ ಓಡಿಸ್ತಿದ್ದೀನಿ, ಗೇರ್ ಹಾಕಿದ ಮೇಲೂ ಕಾಲು ಅಲ್ಲೇ ಇರತ್ತೆ. ನಾವು ಒತ್ತಿಲ್ಲ ಅಂದ್ಕೊಂಡಿರ್ತೀವಿ, ಆದ್ರೆ ಕಾಲಿನ ಭಾರಕ್ಕೇ ಪೆಡಲ್ ಸ್ವಲ್ಪ ಕೆಳಗೆ ಹೋಗಿರತ್ತೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಮೇಲೆ ಸುಮ್ನೆ ಒತ್ತಡ ಬೀಳ್ತಾನೇ ಇರತ್ತೆ, ಪ್ಲೇಟಿನ ಹಿಡಿತ ಸಡಿಲ ಆಗಿ ಜಾರತ್ತೆ, ಜಾರಿದ್ರೆ ಬಿಸಿ, ಬಿಸಿ ಆದ್ರೆ ಸವೆತ. ಎಡಗಾಲು ಇಡೋಕೆ ಅಂತಾನೇ ಕ್ಲಚ್ ಪಕ್ಕದಲ್ಲಿ ಜಾಗ ಇರತ್ತೆ, ಕೆಲವು ಗಾಡಿಲಿ ಅದಕ್ಕೇ ಒಂದು ಪೆಡಲ್ ಥರದ್ದೂ ಕೊಟ್ಟಿರ್ತಾರೆ. ಎಂಟು ವರ್ಷದಲ್ಲಿ ನನಗೆ ಇದನ್ನ ಒಬ್ಬರೂ ಹೇಳಿಲ್ಲ.

ನಮ್ಮ ಬೆಂಗಳೂರಲ್ಲಿ ಇದು ಇನ್ನೂ ಜಾಸ್ತಿ ಹೊಡೆತ ಕೊಡತ್ತೆ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ ಕಡೆ ಸಂಜೆ ಹೊತ್ತು ಹೋದವರಿಗೆ ಗೊತ್ತು, ಹತ್ತು ಅಡಿ ಮುಂದೆ ಹೋಗೋದು ನಿಲ್ಲೋದು, ಪೂರ್ತಿ ದಾರಿ ಹಾಫ್ ಕ್ಲಚ್ಚಲ್ಲೇ, ಅಂದ್ರೆ ಪೆಡಲ್ ಅರ್ಧ ಒತ್ಕೊಂಡೇ. ಸಿಗ್ನಲ್ಲಲ್ಲಿ ಇನ್ನೂ 90 ಸೆಕೆಂಡ್ ತೋರಿಸ್ತಿದ್ರೂ ಫಸ್ಟ್ ಗೇರ್ ಹಾಕಿ ಕ್ಲಚ್ ತುಳ್ಕೊಂಡು ಕೂತಿರ್ತೀವಿ, ಅಷ್ಟು ಹೊತ್ತೂ ಆ ಬೇರಿಂಗ್ ಒತ್ತಡದಲ್ಲೇ ತಿರುಗ್ತಿರತ್ತೆ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕಾಲು ತೆಗೆದ್ರೆ ಗಾಡಿಗೂ ಒಳ್ಳೇದು ಮಂಡಿಗೂ ಒಳ್ಳೇದು. ನಾನಿರೋ ಹನುಮಂತನಗರದಲ್ಲಿ ರಸ್ತೆಗಳೆಲ್ಲ ಏರು ಇಳಿಜಾರು, ಏರಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಹಾಕೋ ಬದಲು ಹಾಫ್ ಕ್ಲಚ್ಚಲ್ಲೇ ಗಾಡಿ ಹಿಡ್ಕೊಂಡು ನಿಲ್ಲೋರನ್ನ ದಿನಾ ನೋಡ್ತೀನಿ, ಪ್ಲೇಟ್ ಸುಡೋಕೆ ಇದಕ್ಕಿಂತ ಬೇಗ ಆಗೋ ದಾರಿ ಇಲ್ಲ. ಜಾಮಲ್ಲಿ ಮುಂದಿನ ಗಾಡಿಗೆ ಅಂಟ್ಕೊಂಡು ಹೋಗದೆ ಸ್ವಲ್ಪ ಜಾಗ ಬಿಟ್ಟು, ಕ್ಲಚ್ ಪೂರ್ತಿ ಬಿಟ್ಟು ಫಸ್ಟ್ ಗೇರಲ್ಲಿ ನಿಧಾನಕ್ಕೆ ಹೋಗಬಹುದು. ಆ ಜಾಗದಲ್ಲಿ ಸ್ಕೂಟರ್ ನುಗ್ಗತ್ತೆ ಅಂತೀರಾ, ನುಗ್ಗಲಿ ಬಿಡಿ, ಮನೆಗೆ ಎರಡು ನಿಮಿಷ ಲೇಟಾಗತ್ತೆ ಅಷ್ಟೇ. ನನಗೆ ಈ ಸಲ ಲೇಬರ್ ಸೇರಿ 13,500 ರೂಪಾಯಿ ಆಯ್ತು.

ಕ್ಲಚ್ ಒಂದೇ ಅಲ್ಲ. ಹಂಪ್ ಮೇಲೆ ಹತ್ತೋವರೆಗೂ ಬ್ರೇಕ್ ತುಳ್ಕೊಂಡೇ ಇರ್ತೀವಿ, ಆಗ ಗಾಡಿ ಮೂತಿ ಮೊದಲೇ ತಗ್ಗಿರತ್ತೆ, ಶಾಕ್ ಅಬ್ಸಾರ್ಬರಿಗೆ ಅರ್ಧ ಜಾಗ ಇರಲ್ಲ, ಪೆಟ್ಟೆಲ್ಲ ಸಸ್ಪೆನ್ಷನ್ ಕೀಲುಗಳಲ್ಲಿರೋ ರಬ್ಬರ್ ಬುಷ್ಷುಗಳಿಗೆ ಹೋಗತ್ತೆ. ಮುಂಚೇನೇ ಸ್ಲೋ ಮಾಡಿ ಹಂಪ್ ಹತ್ತಿರ ಬಂದಾಗ ಬ್ರೇಕ್ ಬಿಡಬೇಕು. (ಬಣ್ಣ ಇಲ್ಲದ ಹಂಪುಗಳು ರಾತ್ರಿ ಕಾಣೋದೇ ಇಲ್ಲ, ಅದಕ್ಕೆ ನಮ್ಮ ಡ್ರೈವಿಂಗ್ ಏನು ಮಾಡತ್ತೆ, ಅದಕ್ಕೆ ಬೇರೆ ಪತ್ರಾನೇ ಬರೀಬೇಕು.)

ನಂದಿ ಬೆಟ್ಟ ಇಳಿಯೋವಾಗ ನಮ್ಮ ಭಾವ ಪೆಟ್ರೋಲ್ ಉಳಿಯತ್ತೆ ಅಂತ ನ್ಯೂಟ್ರಲ್ ಮಾಡ್ತಾರೆ. ಪೆಟ್ರೋಲನ್ನ ಕಂಪ್ಯೂಟರ್ ಅಳೆದು ಬಿಡೋ ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಆಗೋದೇ ಉಲ್ಟಾ. ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲ್ ಹೋಗೋದೇ ನಿಲ್ಲತ್ತೆ, ಚಕ್ರಗಳೇ ಇಂಜಿನ್ ತಿರುಗಿಸ್ತವೆ, ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಆಫ್ ಆಗದೇ ಇರೋಕೆ ಪೆಟ್ರೋಲ್ ಸುಡ್ಲೇಬೇಕು. ಮೇಲಿಂದ ಗಾಡಿ ಭಾರ ಪೂರ್ತಿ ಬ್ರೇಕ್ ಮೇಲೆ ಬೀಳತ್ತೆ, ಡಿಸ್ಕ್ ಕಾದು ತಿರುವಲ್ಲಿ ಬ್ರೇಕ್ ಹಿಡೀದೇ ಹೋದ್ರೆ ಅದು ದುಡ್ಡಿನ ಮಾತಲ್ಲ, ಜೀವದ ಮಾತು.

ಇನ್ನು ಅರ್ಧ ಕಿಲೋಮೀಟರ್ ದೂರದ ಹಾಲಿನ ಬೂತಿಗೂ ಕಾರು ತೆಗೆಯೋದು, ಇಂಜಿನ್ ಬಿಸಿ ಆಗೋಕೆ ಮುಂಚೆನೇ ಆಫ್ ಮಾಡೋದು, ಬ್ಯಾಟರಿ ಚಾರ್ಜ್ ಆಗೋಕೂ ಟೈಮ್ ಸಿಗಲ್ಲ. 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಕಮ್ಮಿ ಮಾಡೋ ಸರ್ಕಾರಿ ಮಾನದಂಡ) ಡೀಸೆಲ್ ಕಾರು ಇರೋರಂತೂ ಹೀಗೆ ಮಾಡ್ಲೇಬಾರದು, ಸೈಲೆನ್ಸರ್ ದಾರಿಲಿರೋ ಫಿಲ್ಟರ್ ಚೆನ್ನಾಗಿ ಕಾದ್ರೆ ಮಾತ್ರ ಒಳಗಿನ ಮಸಿ ಸುಟ್ಟು ಹೋಗೋದು, ಇಲ್ಲಾಂದ್ರೆ ಕಟ್ಕೊಳತ್ತೆ.

ನಾನು ಈ ಪತ್ರ ಬರೀತಿರೋದು ಮಗಳಿಗೋಸ್ಕರ. ಅವಳು ಈಗ ಡ್ರೈವಿಂಗ್ ಕ್ಲಾಸಿಗೆ ಹೋಗ್ತಿದ್ದಾಳೆ. ಮೊನ್ನೆ ಬಂದು ಹೇಳ್ತಾಳೆ, "ಅಮ್ಮಾ, ಗಾಡಿ ಆಫ್ ಆಗ್ಬಾರ್ದು ಅಂದ್ರೆ ಕ್ಲಚ್ ಮೇಲಿಂದ ಕಾಲು ತೆಗೀಲೇಬೇಡಿ ಅಂದ್ರು ಸರ್." ನನಗೂ ಎಂಟು ವರ್ಷದ ಹಿಂದೆ ಹೇಳಿದ್ದು ಇದೇ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಡ್ರೈವಿಂಗ್ ಸ್ಕೂಲು ಸ್ವಂತ ಕಾರು ಓಡಿಸೋರಿಗೆ 21 ದಿನ ಕಲಿಸಬೇಕು, ಕಮ್ಮಿ ಅಂದ್ರೂ 10 ಗಂಟೆ ಗಾಡಿ ಓಡಿಸೋಕೆ ಕೊಡಬೇಕು ಅಂತಿದೆ. ಆ 10 ಗಂಟೇಲಿ ಅರ್ಧ ಗಂಟೆ ಇದಕ್ಕೆ ಇಡೋಕೆ ಆಗಲ್ವಾ? ಸಾರಿಗೆ ಇಲಾಖೆಯವರು ಲೈಸೆನ್ಸ್ ಟೆಸ್ಟಲ್ಲಿ ಎಡಗಾಲು ಎಲ್ಲಿದೆ ಅಂತ ಒಂದ್ಸಲ ಬಗ್ಗಿ ನೋಡಿದ್ರೂ ಸಾಕು, ಸ್ಕೂಲಿನವರು ಮಾರನೇ ದಿನದಿಂದ ಕಲಿಸೋಕೆ ಶುರು ಮಾಡ್ತಾರೆ.

ಸವೆದ ಪ್ಲೇಟುಗಳು ಪ್ರತಿ ಗ್ಯಾರೇಜಲ್ಲೂ ಗುಜರಿಗೆ ಹೋಗೋಕೆ ಅಂತ ಬಿದ್ದಿರ್ತವೆ. ಒಂದೊಂದು ಸ್ಕೂಲಿನವರು ಒಂದೊಂದು ತಗೊಂಡು ಹೋಗಿ ಮೊದಲನೇ ದಿನಾನೇ ಕಲಿಯೋರ ಕೈಗೆ ಕೊಡಲಿ, ನನಗೆ ಆ ರಿವೆಟ್ ಮುಟ್ಟಿ ನೋಡಿದಾಗ ಅರ್ಥ ಆಗಿದ್ದು ಯಾರ ಬಾಯಿ ಮಾತಲ್ಲೂ ಆಗ್ತಿರ್ಲಿಲ್ಲ. ನಮ್ಮ ಗಾಡಿದನ್ನ ಕೇಳಿ ಇಸ್ಕೊಂಡು ಬಂದು ಪೇಪರಲ್ಲಿ ಸುತ್ತಿಟ್ಟಿದ್ದೀನಿ, ಸೋಮವಾರ ಮಗಳ ಜೊತೆ ಕ್ಲಾಸಿಗೆ ಹೋಗಿ ಆ ಸರ್ ಕೈಗೆ ಕೊಟ್ಟು ಬರ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ
ಹನುಮಂತನಗರ, ಬೆಂಗಳೂರು