ಕಾರ್ಡು ಬಂತಲ್ಲ, ಈಗ ಕೇಳು

ಪ್ರೀತಿಯ ಮಗಳೇ,

ಕ್ರೆಡಿಟ್ ಕಾರ್ಡು ಕೈಸೇರಿತು ಅಂತ ಬರೆದಿದ್ದೀಯ. ಉಜ್ಜುವ ಮುಂಚೆ ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡು. ಯಾವ ಬ್ಯಾಂಕಿನದೇ ಆಗಲಿ, ಅಳತೆ ಒಂದೇ: ಉದ್ದ 85.60 ಮಿ.ಮೀ., ಅಗಲ 53.98, ದಪ್ಪ 0.76. ಎಲ್ಲ ಮಷಿನ್ನಿಗೂ ಹೊಂದಬೇಕಲ್ಲ. ಗಾತ್ರದಲ್ಲಿ ಆಟಕ್ಕೆ ಜಾಗವಿಲ್ಲದ್ದರಿಂದ ಆಟವೆಲ್ಲ ಬಣ್ಣ, ತೂಕ, ಹೆಸರಿನಲ್ಲಿ. ಪ್ಲಾಸ್ಟಿಕ್ ಕಾರ್ಡು ಸುಮಾರು 5 ಗ್ರಾಂ. ಲೋಹದ್ದು ಅದರ ಎರಡು ಮೂರು ಪಟ್ಟು, ಕೆಲವು ಇನ್ನೂ ಹೆಚ್ಚು. ಮೇಜಿನ ಮೇಲಿಟ್ಟರೆ ಟಣ್ ಅನ್ನುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ. ವಾರ್ಷಿಕ ಶುಲ್ಕದಲ್ಲಿ ಆ ಸದ್ದಿನ ಬೆಲೆಯೂ ಸೇರಿದೆ. ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡು ಕಂಪನಿ 1966ರಲ್ಲಿ ಗೋಲ್ಡ್, 1984ರಲ್ಲಿ ಪ್ಲಾಟಿನಮ್, 1999ರಲ್ಲಿ ಕಪ್ಪು ಕಾರ್ಡು ತಂದಿತು. ಒಂದು ಮೆಟ್ಟಿಲು ಹತ್ತಿದವರ ಕಣ್ಣು ಮುಂದಿನ ಮೆಟ್ಟಿಲಿನ ಮೇಲೇ ಇರಲಿ ಅಂತ.

ನೋಟು ಎಣಿಸಿ ಕೊಡುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಆ ಗಳಿಗೆಯನ್ನು ಅಳಿಸುವುದೇ ಕಾರ್ಡಿನ ಕಸುಬು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರಾದ ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕೆಂದರು, ಕೆಲವರಿಗೆ ಕಾರ್ಡು ಸಾಕೆಂದರು. ಕಾರ್ಡಿನವರು ಸರಾಸರಿಯಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ಬೆಲೆ ಹೇಳಿದರು. ಟಿಕೆಟ್ ಅದೇ, ಪಂದ್ಯ ಅದೇ. ಮುಟ್ಟಿಸಿದರೆ ಸಾಕೆನ್ನುವ ಕಾರ್ಡು, ಆ್ಯಪಿನಲ್ಲಿ ಉಳಿಸಿಟ್ಟ ಕಾರ್ಡು, ಎಲ್ಲವೂ ಆ ತಡೆಯನ್ನು ಇನ್ನಷ್ಟು ಸವೆಸುವ ಉಪಾಯಗಳೇ.

ಸಾಲ ಕೇಳುವ ಸಂಕೋಚವನ್ನೂ ಹೀಗೇ ತೆಗೆದುಹಾಕಿದರು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನ ಸುಮಾರು 60,000 ಜನರಿಗೆ, ಯಾರೂ ಕೇಳದೆಯೇ, ಅಂಚೆಯಲ್ಲಿ ಕಾರ್ಡು ಕಳಿಸಿತು. ಈಗ ‘ನಿಮ್ಮ ಲಿಮಿಟ್ ಹೆಚ್ಚಿಸಿಕೊಳ್ಳಬಹುದು, ಅಭಿನಂದನೆ’ ಅಂತ ಮೆಸೇಜು ಬರುತ್ತದೆ. ಲಿಮಿಟ್ ಅಂದರೆ ಕಾರ್ಡಿನಲ್ಲಿ ಎಷ್ಟರವರೆಗೆ ಸಾಲ ಮಾಡಬಹುದು ಅನ್ನುವ ಮಿತಿ. ನಿನಗೇನೋ ಬಹುಮಾನ ಬಂದ ಹಾಗೆ! ಆ್ಯಪು ತೆರೆದರೆ ದಪ್ಪಕ್ಷರದಲ್ಲಿ ಕಾಣುವ ‘ಲಭ್ಯ ಮೊತ್ತ’ ನಿನ್ನ ದುಡ್ಡಲ್ಲ, ಇನ್ನೂ ಮಾಡದ ಸಾಲ.

ನಿಜವಾದ ಹಳ್ಳ ಇರುವುದು ಬಿಲ್ಲಿನ ಪುಟದಲ್ಲಿ. ‘ಒಟ್ಟು ಬಾಕಿ’ಯ ಪಕ್ಕದಲ್ಲೇ ‘ಕನಿಷ್ಠ ಪಾವತಿ’, ಅಂದರೆ ದಂಡ ಬೀಳದಿರಲು ಕಟ್ಟಲೇಬೇಕಾದ ಅತಿ ಕಡಿಮೆ ಮೊತ್ತ, ಕೂತಿರುತ್ತದೆ. ಆ ಚಿಕ್ಕ ಅಂಕಿ ಕಣ್ಣಿಗೆ ಬಿತ್ತೆಂದರೆ ಹೆಚ್ಚು ಕಟ್ಟಬಲ್ಲವರ ಕೈ ಕೂಡ ಅದರ ಆಸುಪಾಸಿಗೇ ಇಳಿಯುತ್ತದೆ. ಬಡ್ಡಿ ತಿಂಗಳಿಗೆ 3%, ಕನಿಷ್ಠ ಪಾವತಿ 5% ಅಂತಿಟ್ಟುಕೊ. 1000 ಬಾಕಿಗೆ 30 ಬಡ್ಡಿ ಸೇರಿ 1030. ನೀನು ಕಟ್ಟುವುದು 51.50, ಉಳಿಯುವುದು 978.50. ಐವತ್ತು ಚಿಲ್ಲರೆ ಕಟ್ಟಿಯೂ ಅಸಲು ಇಳಿದದ್ದು 21.50 ಮಾತ್ರ. ಹೊಸದಾಗಿ ಒಂದು ಗುಂಡುಸೂಜಿ ಕೊಳ್ಳದಿದ್ದರೂ ಬಾಕಿ ಅರ್ಧಕ್ಕಿಳಿಯಲು 32 ತಿಂಗಳು ಬೇಕು. ಇನ್ನು ‘ತಿಂಗಳಿಗೆ 3’ ಅಂದರೆ ವರ್ಷಕ್ಕೆ 36 ಅಂದುಕೊಳ್ಳಬೇಡ. ಚಕ್ರಬಡ್ಡಿಯಲ್ಲಿ ಅದು 42.6%. ತಿಂಗಳ ಲೆಕ್ಕದಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಕೊಂಡ ದಿನದಿಂದ ಬಿಲ್ಲಿನ ಕೊನೆಯ ದಿನದವರೆಗೆ ಬಡ್ಡಿ ಇಲ್ಲ ಅನ್ನುತ್ತಾರಲ್ಲ, ಆ ಬಡ್ಡಿರಹಿತ ದಿನಗಳ ಮಾತೂ ಹಾಗೆಯೇ. ಪೂರ್ತಿ ಕಟ್ಟಿದವರಿಗಷ್ಟೇ ಅದು. 1000ದ ಬಿಲ್ಲಿಗೆ 990 ಕಟ್ಟಿ, ಹತ್ತು ತಾನೇ ಅಂತ ಬಿಟ್ಟರೆ, ಎಷ್ಟೋ ಕರಾರುಗಳಲ್ಲಿ ಆ ಹತ್ತಕ್ಕಲ್ಲ, ಪ್ರತಿ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ; ಮುಂದಿನ ಖರೀದಿಗೂ ವಿನಾಯಿತಿ ಹೋಗುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ಸಾಮಾನ್ಯವಾಗಿ ಒಂದು ದಿನದ ರಿಯಾಯಿತಿಯೂ ಇಲ್ಲ.

ಖರ್ಚು ಮಾಡಿದ್ದಕ್ಕೆ ಕಾರ್ಡು ಕೊಡುವ ಪಾಯಿಂಟ್ ಬಗ್ಗೆ ನೀನು ಕೇಳಿದ್ದೀಯ. 1000 ಖರ್ಚಿಗೆ 10 ವಾಪಸ್ ಕೊಡುವ ಕಾರ್ಡು, ಅದೇ 1000 ಒಂದು ತಿಂಗಳು ಬಾಕಿ ಉಳಿದರೆ 30 ಕಿತ್ತುಕೊಳ್ಳುತ್ತದೆ. ‘ಇನ್ನು 5000 ಖರ್ಚು ಮಾಡಿದರೆ 500ರ ವಾರ್ಷಿಕ ಶುಲ್ಕ ಮನ್ನಾ’ ಅಂತ ಆ್ಯಪಿನಲ್ಲಿ ಅರ್ಧ ಬಣ್ಣ ತುಂಬಿದ ಪಟ್ಟಿ ತೋರಿಸುತ್ತಾರೆ. ಅದನ್ನು ತುಂಬಿಸಲೆಂದು ಬೇಡದ ಸಾಮಾನು ಕೊಳ್ಳುವ ಬದಲು ಶುಲ್ಕ ಕಟ್ಟುವುದೇ ಅಗ್ಗ.

ಇವತ್ತೇ ಕೂತು ಇಷ್ಟು ಮಾಡಿಬಿಡು. ಖಾತೆಯಿಂದ ತಾನಾಗಿಯೇ ಬಿಲ್ಲು ಕಟ್ಟುವ ಆಟೋ ಡೆಬಿಟ್‌ನಲ್ಲಿ ‘ಕನಿಷ್ಠ ಪಾವತಿ’ ಆಯ್ಕೆಯಾಗಿದೆಯೇ ನೋಡಿ, ‘ಒಟ್ಟು ಬಾಕಿ’ಗೆ ಬದಲಿಸು. ಬಿಲ್ಲಿನ ಕೊನೆಯ ದಿನ ಸಂಬಳ ಬಂದ ಮೂರು ನಾಲ್ಕು ದಿನಕ್ಕೆ ಬೀಳುವಂತೆ ಕೇಳಿಕೊ. ಖಾತೆಯಲ್ಲಿ ಹಣವಿಲ್ಲದೆ ಡೆಬಿಟ್ ತಪ್ಪಿದರೆ ದಂಡವೂ ಸೇರುತ್ತದೆ. ಲಿಮಿಟ್ಟನ್ನು ಒಂದು ತಿಂಗಳ ಸಂಬಳದ ಅರ್ಧಕ್ಕೆ ಇಳಿಸು. ಶಾಪಿಂಗ್ ಆ್ಯಪುಗಳಲ್ಲಿ ಉಳಿಸಿಟ್ಟ ಕಾರ್ಡು ಅಳಿಸು; ಪ್ರತಿ ಸಲ ಹದಿನಾರು ಅಂಕಿ ಹೊಡೆಯುವ ಬೇಸರ ಇರಲಿ ಬಿಡು.

ಮೊದಲ ಸ್ಟೇಟ್‌ಮೆಂಟ್ ಬಂದಾಗ ಫೋನ್ ಮಾಡು, ಸಾಲು ಸಾಲಾಗಿ ಇಬ್ಬರೂ ನೋಡೋಣ.

ನಿನ್ನ
ಅಮ್ಮ