ಭಾನುವಾರದ ಚರ್ಚೆ ಮತ್ತು ಕಳೆದ ವಾರದ ಚಿತ್ರದ ಕುರಿತು

ಮಾನ್ಯ ಸದಸ್ಯರೇ,

ಬದಿಯಡ್ಕದ ನಮ್ಮ ಓದುಗರ ಬಳಗದ ಭಾನುವಾರದ ಚರ್ಚೆಗೆ, ಅಶಾಂತಿಯ ಕಾಲದಲ್ಲಿ ಧರ್ಮಗುರುಗಳ ಭೇಟಿಯನ್ನು ರಾಜಕಾರಣ ಬಳಸಿಕೊಳ್ಳುವ ಬಗೆಯನ್ನು ಆರಿಸಿದ್ದೇವೆ. 1987ರ ಏಪ್ರಿಲಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಚಿಲಿ ದೇಶಕ್ಕೆ ಹೋದಾಗ, 1973ರ ಸೇನಾ ದಂಗೆಯಿಂದ ಅಧಿಕಾರ ಹಿಡಿದಿದ್ದ ಪಿನೊಚೆ ಪೋಪರನ್ನು ಅಧ್ಯಕ್ಷರ ಅರಮನೆಯ ಉಪ್ಪರಿಗೆಗೆ ಕರೆತಂದು ಜನರೆದುರು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆ ಒಂದು ಚಿತ್ರ ಸರ್ವಾಧಿಕಾರಕ್ಕೆ ದೊರೆತ ಆಶೀರ್ವಾದದಂತೆ ಕಂಡಿತು. ಅದೇ ಭೇಟಿಯಲ್ಲಿ ಬಡವರ ಕೇರಿಯ ಮಹಿಳೆಯೊಬ್ಬರು ಪೋಪರ ಎದುರಿನಲ್ಲೇ ಜನರ ಸಂಕಟವನ್ನು ಬಿಡಿಸಿ ಹೇಳಿದರು, ಸ್ಯಾಂಟಿಯಾಗೊದ ಉದ್ಯಾನದಲ್ಲಿ ಪೂಜೆ ನಡೆಯುತ್ತಿದ್ದಾಗಲೇ ಘರ್ಷಣೆಯಾಗಿ ಅಶ್ರುವಾಯು ಹರಡಿತು. ಉಪ್ಪರಿಗೆಯ ಚಿತ್ರವನ್ನಷ್ಟೇ ನೋಡಿದವರಿಗೆ ಇವೆರಡೂ ಕಾಣುವುದಿಲ್ಲ. ಮರುವರ್ಷ ಅಕ್ಟೋಬರಿನ ಜನಮತದಲ್ಲಿ ಪಿನೊಚೆ ಸೋತರು.

ಇದನ್ನು ಈಗ ಬರೆಯಲು ಕಾರಣವಿದೆ. ಸ್ವಾಮೀಜಿಯೊಬ್ಬರು ಗಲಾಟೆಯಲ್ಲಿ ಪೆಟ್ಟು ತಿಂದವರ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡುತ್ತಿದ್ದ ಚಿತ್ರಕ್ಕೆ ಪಕ್ಷದ ಚಿಹ್ನೆ ಅಂಟಿಸಿ ಕಳೆದ ವಾರ ಈ ಗುಂಪಿನಲ್ಲೇ ಹಂಚಲಾಗಿತ್ತು. ಮೂಲ ಚಿತ್ರದಲ್ಲಿ ಬಾಗಿಲ ಬಳಿ ನಿಂತಿದ್ದ ಮನೆಯ ತಾಯಿಯನ್ನು ಅದರಲ್ಲಿ ಕತ್ತರಿಸಿ ತೆಗೆಯಲಾಗಿತ್ತು. ಇದು ನನಗೆ ತುಂಬಾ ನೋವು ತಂದಿದೆ. ಹಂಚಿದವರು ದಯವಿಟ್ಟು ಇಂದೇ ಅದನ್ನು ಅಳಿಸಬೇಕು, ಬೇರೆ ಗುಂಪುಗಳಿಗೆ ಕಳುಹಿಸಿದ್ದರೆ ಅಲ್ಲಿಯೂ ತಿಳಿಸಬೇಕು.

ಚರ್ಚೆ ಸಂಜೆ 4 ಗಂಟೆಗೆ, ಎಂದಿನ ವಾಚನಾಲಯದಲ್ಲಿ.