ಹೊಟ್ಟೆನೋವೆಲ್ಲ ಗ್ಯಾಸ್ ಅಲ್ಲ

ಮಾನ್ಯರೇ,

ಹೋದ ತಿಂಗಳು ನನ್ನ ತಂಗಿಗೆ ರಾತ್ರಿ ಕಿಬ್ಬೊಟ್ಟೆ ನೋವು ಶುರುವಾಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮುಟ್ಟು ಯಾವಾಗ ಆಗಿತ್ತು ಎಂದು ಯಾರೂ ಕೇಳಲಿಲ್ಲ. ಹಿಂದಿನ ವಾರ ಸ್ವಲ್ಪ ರಕ್ತ ಕಂಡಿದ್ದನ್ನು ಅವಳೂ ತಡವಾಗಿ ಬಂದ ಮುಟ್ಟು ಅಂದುಕೊಂಡಿದ್ದಳು. ಬೆಳಗಿನ ಜಾವ ಭುಜದ ತುದಿ ನೋಯುತ್ತಿದೆ ಎಂದಳು. ಅಮ್ಮ ಅಮೃತಾಂಜನ ತಿಕ್ಕಿದರು. ನಮಗೇನು ಗೊತ್ತು, ಅಲ್ವಾ? ಬಚ್ಚಲಿಗೆ ಹೋದವಳು ಕಣ್ಣು ಕತ್ತಲೆ ಬಂದು ಬಿದ್ದಳು.

108ರಲ್ಲಿ ಜಗಳೂರಿನಿಂದ ದಾವಣಗೆರೆಗೆ ಬಂದೆವು. ಸ್ಕ್ಯಾನ್‌ನಲ್ಲಿ ತಿಳಿಯಿತು: ಬಸಿರು ನಿಂತಿದ್ದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ಅಂಡನಾಳದಲ್ಲಿ. ಅದು ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗಿದರೆ ಭುಜ ನೋಯುತ್ತದಂತೆ. ಆಪರೇಷನ್ ಆಗಿ ಈಗ ಹುಷಾರಾಗಿದ್ದಾಳೆ.

ಬಸಿರು ಹೌದೋ ಅಲ್ಲವೋ ತಿಳಿಸುವ ಮೂತ್ರದ ಕಾರ್ಡ್ ಟೆಸ್ಟ್ ಐದು ನಿಮಿಷದ ಕೆಲಸ, ಖರ್ಚೂ ಜಾಸ್ತಿಯಲ್ಲ. ಮಕ್ಕಳಾಗುವ ವಯಸ್ಸಿನ ಹೆಂಗಸರು ಹೊಟ್ಟೆನೋವು ಎಂದು ಬಂದರೆ, ಮದುವೆಯಾಗಿದೆಯಾ ಎಂದು ಕಾಲುಂಗುರ ನೋಡುತ್ತಾ ಕೂರದೆ, ಮೊದಲು ಅದನ್ನು ಮಾಡಲಿ. ಪಾಸಿಟಿವ್ ಬಂದರೆ ತಕ್ಷಣ ಸ್ಕ್ಯಾನ್‌ಗೆ ಕಳಿಸಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತೂ ಸ್ಕ್ಯಾನ್ ಸಿಗುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ದಯವಿಟ್ಟು ನೋಡಬೇಕು.

– ಒಬ್ಬ ಓದುಗ, ಜಗಳೂರು